ಅನುಮಾನಾಸ್ಪದ ಸಾವು: ‘ತನಿಖೆ ನಡೀತಿದೆ’ ಅಂದ್ರೆ ಸಾಕಾ?

ಯಾರಾದ್ರೂ ಅನುಮಾನಾಸ್ಪದವಾಗಿ ಸತ್ತಾಗ ಪೊಲೀಸರು ಸಾಮಾನ್ಯವಾಗಿ ಮೊದಲು ದಾಖಲಿಸೋದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಕೇಸು ಮುಚ್ಚಿ ಹಾಕಿದ್ರು ಅಂತ ಜನ ತಿಳ್ಕೊಳ್ತಾರೆ. ಹಾಗಲ್ಲ, ಸಾವಿನ ಕಾರಣ ಹುಡುಕೋ ಮೊದಲ ಹಂತ ಅದು. ಪಂಚರ ಮುಂದೆ ಶವ ಮಹಜರು, ಆಮೇಲೆ ಪೋಸ್ಟ್‌ಮಾರ್ಟಂ. ವಿಷದ ಶಂಕೆ ಇದ್ರೆ ಮಾದರಿ ಎಫ್‌ಎಸ್‌ಎಲ್‌ಗೆ ಹೋಗುತ್ತೆ, ವರದಿಗೆ ತಿಂಗಳುಗಳೇ ಹಿಡಿಯಬಹುದು.

ಸಿಟ್ಟು ಹುಟ್ಟೋದು ಈ ಕಾಯೋ ಹೊತ್ತಲ್ಲೇ. ಪೊಲೀಸರು ಬಾಯಿಬಿಡದಿದ್ರೆ ಗಾಳಿಸುದ್ದಿ ಏಳುತ್ತೆ. ಅವಸರದಲ್ಲಿ ಮಾತಾಡಿದ್ರೂ ಕಷ್ಟ. 2015ರ ಮಾರ್ಚ್ 16ರಂದು ಐಎಎಸ್ ಅಧಿಕಾರಿ ಡಿ.ಕೆ. ರವಿ ಬೆಂಗಳೂರಲ್ಲಿ ಮೃತಪಟ್ಟಾಗ, ಮೇಲ್ನೋಟಕ್ಕೆ ಆತ್ಮಹತ್ಯೆ ಅಂತ ಪೊಲೀಸರು ಅವತ್ತೇ ಹೇಳಿದ್ರು. ಅವರು ಡಿಸಿ ಆಗಿದ್ದ ಕೋಲಾರದಲ್ಲಿ ಜನ ಬೀದಿಗಿಳಿದ್ರು. ವಾರದೊಳಗೆ ಸರ್ಕಾರ ಕೇಸನ್ನ ಸಿಬಿಐಗೆ ಕೊಟ್ಟಿತು. ಕೊನೆಗೆ ಸಿಬಿಐ ಹೇಳಿದ್ದೂ ಆತ್ಮಹತ್ಯೆ ಅಂತಲೇ. ಆದ್ರೆ ಅಷ್ಟೊತ್ತಿಗೆ ನಂಬಿಕೆ ಕೆಟ್ಟಿತ್ತು.

ಮನೆಯವರು ಏನು ಮಾಡಬಹುದು?

ಯುಡಿಆರ್ ನಂಬರ್, ತನಿಖಾಧಿಕಾರಿ ಹೆಸರು ಬರೆದಿಟ್ಟುಕೊಳ್ಳಿ. ಕೊಲೆ ಅನ್ನೋ ಅನುಮಾನ ಇದ್ರೆ ಲಿಖಿತ ದೂರು ಕೊಡಿ. ಸ್ಟೇಷನ್‌ನಲ್ಲಿ ತಗೊಳ್ಳದಿದ್ರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಎಫ್‌ಐಆರ್ ಆದ್ರೆ ಅದರ ಪ್ರತಿ ದೂರುದಾರರಿಗೆ ಉಚಿತ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರೇ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಬಿಎನ್‌ಎಸ್‌ಎಸ್‌ನ 193ನೇ ಸೆಕ್ಷನ್ ಹೀಗೆ ಹೇಳುತ್ತೆ. ಫೋನಲ್ಲಿ ಮೆಸೇಜ್ ಹಾಕಿದ್ರೂ ನಡೆಯುತ್ತೆ.

ಸಾಕ್ಷ್ಯದ ವಿವರ ಬಿಟ್ಟುಕೊಡೋಕಾಗಲ್ಲ, ಒಪ್ಪೋಣ. ಆದ್ರೆ ಮಾದರಿ ಲ್ಯಾಬ್‌ಗೆ ಹೋಯ್ತಾ, ವರದಿ ಬಂತಾ ಅಂತ ಮನೆಯವರಿಗೆ ಹೇಳೋಕೆ ಏನು ಅಡ್ಡಿ?