ಪದವಿಯ ಮೇಲೊಂದು ಕಾರ್ಖಾನೆಯ ವರ್ಷ

ಥಾಣೆ ಸ್ಟೇಷನ್ನಿನ 9-10ನೇ ಪ್ಲಾಟ್‌ಫಾರಂನಿಂದ ವಾಶಿ ಕಡೆ ಹೊರಡುವ ಬೆಳಗಿನ ಲೋಕಲ್‌ಗಳಲ್ಲಿ ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಐರೋಲಿಯ ಐಟಿ ಪಾರ್ಕಿಗೆ ಹೋಗುವವರನ್ನು ನಮ್ಮ ಡೊಂಬಿವಲಿ, ಕಲ್ಯಾಣ್‌ನ ಮನೆಗಳು ಹೆಮ್ಮೆಯಿಂದ ನೆನೆಯುತ್ತವೆ. ರಬಾಳೆಯಲ್ಲಿ ಇಳಿದು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ಗೇಟಿನತ್ತ ನಡೆಯುವವರ ಬಗ್ಗೆ ಮಾತ್ರ ಒಂದೇ ಪ್ರಶ್ನೆ: ‘ಬಿ.ಇ. ಓದಿ ಅಪ್ರೆಂಟಿಸಾ?’

ಹೌದು, ಅಪ್ರೆಂಟಿಸೇ. 1961ರ ಅಪ್ರೆಂಟಿಸ್ ಕಾಯ್ದೆ ಮೊದಲು ಐಟಿಐ ಮಟ್ಟದ ಕಸುಬುಗಳಿಗಷ್ಟೇ ಇತ್ತು. 1973ರ ತಿದ್ದುಪಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಒಳಗೆ ತಂದಿತು. ನಮ್ಮ ಭಾಗದಲ್ಲಿ ಇದನ್ನು ನೋಡಿಕೊಳ್ಳುವುದು ಮುಂಬಯಿಯ ಸಯನ್‌ನಲ್ಲಿರುವ ಪಶ್ಚಿಮ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಅವಧಿ ಒಂದು ವರ್ಷ. 2019ರ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಗೊತ್ತುಮಾಡಿತ್ತು. ಕನಿಷ್ಠ ಮೊತ್ತದ ಅರ್ಧ ಕೇಂದ್ರ ಸರಕಾರದ್ದು. ಈ ಕನಿಷ್ಠ ಮೊತ್ತವನ್ನು 36% ಹೆಚ್ಚಿಸಬೇಕೆಂದು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಓದಿನ ನಡುವೆಯೇ ಕೆಲವು ಸೆಮಿಸ್ಟರ್ ಉದ್ಯಮದಲ್ಲಿ ಕಳೆಯುವ ಪದವಿಗಳಿಗೆ ಯುಜಿಸಿ 2020ರಲ್ಲೇ ದಾರಿ ತೆರೆದಿದೆ.

ಹಣ ಕಡಿಮೆಯೇ. ಆದರೆ ಕಳವಾ-ಐರೋಲಿ ಪಟ್ಟಿಯಲ್ಲಿ ಸೀಮೆನ್ಸ್, ಭಾರತ್ ಬಿಜಲಿಯಂಥ ಕಾರ್ಖಾನೆಗಳಿವೆ. ಟ್ರಾನ್ಸ್‌ಫಾರ್ಮರ್, ಮೋಟಾರ್ ಇಲ್ಲಿಯೇ ತಯಾರಾಗುತ್ತವೆ. ಪುಸ್ತಕದಲ್ಲಿ ಟ್ರಾನ್ಸ್‌ಫಾರ್ಮರ್ ಎಂದರೆ ಎರಡು ಸುರುಳಿ, ಒಂದು ಸಮೀಕರಣ. ಶಾಪ್ ಫ್ಲೋರಿನಲ್ಲಿ ಅದರ ಶತ್ರು ತೇವ. ತಂತಿಗೆ ಸುತ್ತಿದ ಕಾಗದ ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತದೆ. ಅದು ಉಳಿದರೆ ನಿರೋಧಕ ಶಕ್ತಿ ಕುಸಿಯುತ್ತದೆ. ಅದಕ್ಕೇ ಎಣ್ಣೆ ತುಂಬುವ ಮೊದಲು ಸುರುಳಿಗಳನ್ನು ಒಲೆಯಲ್ಲಿಟ್ಟು, ನಿರ್ವಾತದಲ್ಲಿ ಒಣಗಿಸುತ್ತಾರೆ. ಆಮೇಲೆ ಟೆಸ್ಟಿಂಗ್: ಸುತ್ತುಗಳ ಅನುಪಾತ, ವೈಂಡಿಂಗ್ ರೋಧ, ಇನ್ಸುಲೇಷನ್. ಮುಂಗಾರಿನ ಕೊಂಕಣದ ಗಾಳಿಯಲ್ಲಿ ಈ ಪಾಠ ಕಲಿತ ಹುಡುಗಿ ಮುಂದೆ ಯಾವ ಸಂದರ್ಶನದಲ್ಲೂ ತಡವರಿಸುವುದಿಲ್ಲ ಎಂದು ನಾನು ನಂಬುತ್ತೇನೆ.

ಮುಂಬಯಿ ಕನ್ನಡಿಗರಾದ ನಮಗಂತೂ ಇದು ಹೊಸ ದಾರಿಯೇ ಅಲ್ಲ. ಊರಿನಿಂದ ಬಂದ ಹಿರಿಯರು ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತರು. ಮೊಗವೀರ ಮಂಡಳಿಯ ರಾತ್ರಿ ಶಾಲೆ ಎಷ್ಟೋ ಮಂದಿಯನ್ನು ಬೆಳೆಸಿತು. ದುಡಿಯುತ್ತ ಕಲಿತವರ ಮೊಮ್ಮಕ್ಕಳು, ಕಲಿತ ಮೇಲೆ ಒಂದು ವರ್ಷ ಕೈ ಪಳಗಿಸಿಕೊಳ್ಳಲು ನಾಚಬೇಕೇಕೆ?

ಆದರೆ ಕಣ್ಣುಮುಚ್ಚಿ ಸೇರಬಾರದು. ಕಾನೂನಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು; ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಹಾಗಾಗಿ ಒಪ್ಪಂದ ಸರಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ನೋಡಿ. ಇಲ್ಲದಿದ್ದರೆ ಕೊನೆಯಲ್ಲಿ ಮಂಡಳಿಯ ಪ್ರಮಾಣಪತ್ರವಿಲ್ಲ. ಯಾವ ವಿಭಾಗದಲ್ಲಿ ಎಷ್ಟು ತಿಂಗಳು ಎಂದೂ ಕೇಳಿ. ವರ್ಷವಿಡೀ ಒಂದೇ ಮೇಜಿನಲ್ಲಿ ಬಿಲ್ಲು ಟೈಪಿಸುವುದು ತರಬೇತಿಯಲ್ಲ. ಸುರಕ್ಷತೆಯ ಪ್ರಶ್ನೆ ಎಲ್ಲಕ್ಕಿಂತ ಮೊದಲು. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮತ್ತು 2024ರ ಮೇ ತಿಂಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ಸ್ಫೋಟಿಸಿ ಜೀವಗಳು ಹೋದವು. ಕಾರ್ಖಾನೆಗಳ ಆರೋಗ್ಯ, ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುವಂತೆ 1961ರ ಕಾಯ್ದೆಯಲ್ಲೇ ಬರೆದಿದೆ. ಹೆಲ್ಮೆಟ್, ಬೂಟು ಎಲ್ಲಿ, ತುರ್ತು ದಾರಿ ಯಾವುದು ಎಂದು ಮೊದಲ ದಿನವೇ ಕೇಳುವ ಹಕ್ಕು ನಿಮ್ಮದು.