ಶಸ್ತ್ರಚಿಕಿತ್ಸೆಗೆ ಮುನ್ನ ಮಗುವಿಗೆ ಹೇಳಬೇಕೆ?

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ವಿಷಯವನ್ನು ಮುಂಚಿತವಾಗಿ ತಿಳಿಸಬೇಕೆ?

ಉತ್ತರ: ಅವಶ್ಯವಾಗಿ ತಿಳಿಸತಕ್ಕದ್ದು, ಆದರೆ ಆ ವಯಸ್ಸಿಗೆ ಕಾಲದ ಪರಿಮಾಣವು ಅಸ್ಪಷ್ಟವಾಗಿರುವುದರಿಂದ ಎರಡು ಮೂರು ದಿನ ಮೊದಲು ಹೇಳಿದರೆ ಸಾಕು. 'ಪೇಟೆಗೆ ಹೋಗೋಣ' ಎಂದು ನಂಬಿಸಿ ಕರೆದೊಯ್ಯುವ ನಮ್ಮ ಹಿರಿಯರ ಉಪಾಯವು, ಸದುದ್ದೇಶದ್ದೇ ಆದರೂ, ಸೂಜಿಗಿಂತ ಹೆಚ್ಚು ನೋಯಿಸುವಂಥದು. ಮೂಗುಬಾಯಿಗಳ ಮೇಲೆ ಮುಖವಾಡವಿಡುವರು, ಔಷಧದಿಂದ ನಿದ್ದೆ ಬರುವುದು, ಎಚ್ಚರವಾದಾಗ ಗಂಟಲು ನೋಯುವುದು, ಆಗ ಅಮ್ಮ ಬಳಿಯಲ್ಲೇ ಇರುವಳು ಎಂಬಿಷ್ಟನ್ನು, ಗೊಂಬೆಯೊಂದರ ಮುಖಕ್ಕೆ ಲೋಟ ಹಿಡಿದು ತೋರಿಸಿ, ಅದೇ ಆಟವನ್ನು ಅವನಿಂದಲೂ ಆಡಿಸಿರಿ. ತಾಯಿಯ ಸಾನ್ನಿಧ್ಯವು ಬರಿಯ ಉಪಚಾರವಲ್ಲ: ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಏಕಾಕಿನಿಯಾಗಿ ಮಲಗಿದ್ದ ಎರಡು ವರ್ಷದ ಬಾಲಿಕೆಯ ಅದುಮಿಟ್ಟ ದುಃಖವನ್ನು 1952ರಲ್ಲಿ ಮನೋವಿಶ್ಲೇಷಕ ಜೇಮ್ಸ್ ರಾಬರ್ಟ್‌ಸನ್ನರು ಚಲಚ್ಚಿತ್ರದಲ್ಲಿ ತೋರಿದಾಗ ಅನೇಕ ವೈದ್ಯರು ಕುಪಿತರಾದರು, ಆಸ್ಪತ್ರೆಯಲ್ಲಿರುವ ಮಕ್ಕಳ ಕ್ಷೇಮವನ್ನು ಕುರಿತ ಬ್ರಿಟನ್ನಿನ 1959ರ ಪ್ಲಾಟ್ ವರದಿಯಾದರೋ ತಂದೆತಾಯಿಗಳಿಗೆ ನಿರ್ಬಂಧವಿಲ್ಲದ ಪ್ರವೇಶವನ್ನೇ ಶಿಫಾರಸು ಮಾಡಿತು.