ಬಿದ್ದ ಕಾಲಕ್ಕೆ ತಕ್ಕ ಬೆಲೆ: ಕಾಶ್ಮೀರದ ಶೀನ್

ಆಕಾಶದಿಂದ ಉದುರುವ ಹಿಮಕ್ಕೆ ಕಾಶ್ಮೀರಿಗಳು ‘ಶೀನ್’ ಎನ್ನುತ್ತಾರೆ. ಸೂರಿನಂಚಿನಲ್ಲಿ ಚೂಪಾಗಿ ಜೋತುಬೀಳುವ ಮಂಜುಗಡ್ಡೆ ಶೀನ್ ಅಲ್ಲ, ಅದು ‘ಶಿಶರ್ ಗಾಂಟ್’. ವರ್ಷದ ಮೊದಲ ಶೀನ್ ಬಿದ್ದಾಗ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಳ್ಳುವುದುಂಟು. ಹಿಂದೆ ಒಂದು ಕೀಟಲೆಯೂ ನಡೆಯುತ್ತಿತ್ತು: ಚಿಟಿಕೆ ಹಿಮವನ್ನು ಯಾವುದಾದರೂ ವಸ್ತುವಿನೊಳಗೆ ಅಡಗಿಸಿ ಕೊಡುವುದು, ತಿಳಿಯದೆ ಕೈಯೊಡ್ಡಿದವರಿಂದ ದಂಡ ವಸೂಲಿ ಮಾಡುವುದು! ಮೊದಲ ಹಿಮ ಬಿದ್ದ ದಿನ ಹಬ್ಬ ಆಚರಿಸಿ ಹೊಸ ಮದ್ಯ ಕುಡಿಯಬೇಕೆಂದು ಕಾಶ್ಮೀರದ ಪ್ರಾಚೀನ ಗ್ರಂಥ ನೀಲಮತ ಪುರಾಣವೇ ಹೇಳುತ್ತದೆ.

ಶೀನ್ ಬೇರೆ, ಶಿಶರ್ ಗಾಂಟ್ ಬೇರೆ ಎನ್ನುವ ಈ ವಿಂಗಡಣೆಯನ್ನು ಭೌತವಿಜ್ಞಾನವೂ ಒಪ್ಪುತ್ತದೆ. ಸೂರಿನ ಗಡ್ಡೆ ತೊಟ್ಟಿಕ್ಕುವ ನೀರು ಹೆಪ್ಪುಗಟ್ಟಿ ಆದದ್ದು. ಹಿಮದ ಹಳಕು ಬೆಳೆಯುವುದೇ ಬೇರೆ ಬಗೆಯಲ್ಲಿ. ಮೋಡದೊಳಗೆ ಧೂಳಿನ ಕಣವೊಂದರ ಸುತ್ತ ಪುಟ್ಟ ಹರಳು ಹುಟ್ಟುತ್ತದೆ. ಸುತ್ತಲಿನ ನೀರಾವಿ ದ್ರವವಾಗದೆ ನೇರವಾಗಿ ಅದರ ಮೇಲೆ ಕೂರುತ್ತ ಹೋಗುತ್ತದೆ. ನೀರಿನ ಅಣುಗಳು ಷಟ್ಕೋನದಲ್ಲಿ ಜೋಡಣೆಯಾಗುವುದರಿಂದ ಹರಳಿಗೆ ಆರು ಮೂಲೆ. ಮೈನಸ್ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಸೂಜಿಯಂತೆ ಉದ್ದವಾಗುತ್ತದೆ, ತೇವ ಸಾಕಷ್ಟಿದ್ದರೆ ಮೈನಸ್ 15ರ ಸುಮಾರಿಗೆ ರೆಂಬೆಕೊಂಬೆಯ ನಕ್ಷತ್ರವಾಗುತ್ತದೆ. ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಹೊಕ್ಕೈಡೋದ ಶೀತಲ ಕೋಣೆಯೊಳಗೆ ಮೊಲದ ಕೂದಲಿನ ತುದಿಯಲ್ಲಿ ಇಂಥ ಹರಳನ್ನು ಬೆಳೆಸಿ ತೋರಿಸಿದರು.

ನೆಲದ ಹತ್ತಿರದ ಗಾಳಿಯದೂ ಇಲ್ಲಿ ಪಾತ್ರವಿದೆ. ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲಿ ಗಾಳಿ ಸೊನ್ನೆ ಡಿಗ್ರಿಯ ಆಚೀಚೆ ಇರುವಾಗ ಹರಳುಗಳ ಅಂಚು ಕರಗಿ, ಒಂದಕ್ಕೊಂದು ಅಂಟಿ, ದಪ್ಪ ಹಳಕುಗಳಾಗಿ ಬೀಳುತ್ತವೆ. ಅಲ್ಲಿಂದ ಸುಮಾರು ಸಾವಿರ ಮೀಟರ್ ಮೇಲಿರುವ ಗುಲ್ಮಾರ್ಗ್‌ನಲ್ಲಿ ಅದೇ ಹಿಮ ಒಣ ಪುಡಿ. ಸ್ಕೀ ಆಡುವವರು ಬಯಸುವುದು ಆ ಪುಡಿಯನ್ನೇ.

ತೋಟದವರ ಲೆಕ್ಕ ಬೇರೆ: ಅವರಿಗೆ ಹಿಮ ಬೀಳುವ ಕಾಲವೇ ಮುಖ್ಯ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಅಂದರೆ ಕಡುಚಳಿಯ ಕಾಲ. ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ ಎಂಬ ಹವಾಮಾನ ವ್ಯವಸ್ಥೆಗಳು ಆಗ ಸುರಿಸುವ ಹಿಮ ಬೆಟ್ಟಗಳಲ್ಲಿ ಪದರ ಪದರವಾಗಿ ಬಿಗಿದು, ಬೇಸಿಗೆಯವರೆಗೂ ಬಾಳಿ, ಝೇಲಂ ಮತ್ತು ಅದರ ಉಪನದಿಗಳಿಗೆ ನೀರುಣಿಸುತ್ತದೆ. ಫೆಬ್ರವರಿ ಕಳೆದ ಮೇಲೆ ಬಿದ್ದದ್ದು ಗಟ್ಟಿಯಾಗಲು ವ್ಯವಧಾನವಿಲ್ಲ, ಬೇಗ ಕರಗಿ ಹೋಗುತ್ತದೆ.

ತೀರಾ ಮುಂಚೆ ಬಂದರೆ ಇನ್ನೂ ಕಷ್ಟ. 2018 ಮತ್ತು 2019ರ ನವೆಂಬರ್ ಮೊದಲ ವಾರದಲ್ಲೇ ಹಿಮ ಸುರಿಯಿತು. ಸೇಬಿನ ಮರಗಳ ಎಲೆ ಇನ್ನೂ ಉದುರಿರಲಿಲ್ಲ. ಬೋಳು ರೆಂಬೆಯಾಗಿದ್ದರೆ ಹಿಮ ಜಾರಿ ಬೀಳುತ್ತಿತ್ತು. ಒಂದೊಂದು ಎಲೆಯೂ ಒದ್ದೆ ಹಿಮವನ್ನು ಹಿಡಿದಿಟ್ಟುಕೊಂಡಿತು, ಭಾರಕ್ಕೆ ಕವಲುಗಳು ಬುಡದವರೆಗೆ ಸೀಳಿದವು. ಫಲ ಕೊಡುತ್ತಿದ್ದ ಮರ ಹೋದರೆ ಹೊಸದನ್ನು ಬೆಳೆಸಲು ವರ್ಷಗಳೇ ಬೇಕು.

2024ರಲ್ಲಿ ಇದಕ್ಕೆ ತಿರುವುಮುರುವು: ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರು ಕಂದು ಬಣ್ಣದಲ್ಲೇ ಉಳಿದಿತ್ತು, ಚಿಲ್ಲೈ ಕಲಾನ್ ಮುಗಿಯುವ ಹೊತ್ತಿಗಷ್ಟೇ ಹಿಮ ಬಂತು. ಮರುವರ್ಷ ಹಿಮದ ಕೊರತೆಯಿಂದ ಫೆಬ್ರವರಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು.